ಈಶಾನ್ಯ ಮೂಲೆಯ ತಂಬಿಗೆ

೨೦೧೪ರಲ್ಲಿ ನಾನು ದುಬೈಯ ಒಂದು ಕಟ್ಟಡ ಕಂಪನಿಯಲ್ಲಿ ಸರ್ವೇ ಎಂಜಿನಿಯರ್ ಆಗಿದ್ದೆ. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ನಮ್ಮ ಗೋದಾಮಿನ ಸೈಟ್. ಅಗೆಯುವ ಮೊದಲು ನೆಲದಡಿ ಕೇಬಲ್, ಪೈಪ್ ಇದೆಯೇ ಎಂದು ಮೆಟಲ್ ಡಿಟೆಕ್ಟರ್ ಹಿಡಿದು ನೋಡುವುದು ನನ್ನ ಕೆಲಸ. ಪುರಾತನ ವಸ್ತು ಸಿಕ್ಕರೆ ಕೆಲಸ ನಿಲ್ಲಿಸಿ ವರದಿ ಕಳಿಸಬೇಕು. ಅಧಿಕಾರಿ ಬಂದು ನೋಡುವವರೆಗೆ ಒಂದು ಹಿಡಿ ಮಣ್ಣೂ ಎತ್ತುವಂತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಅಲ್ಲಿವರೆಗೆ ಅಗೆಯದೆ ಬಿಟ್ಟಿದ್ದ ಈಶಾನ್ಯ ಮೂಲೆಯಲ್ಲಿ ಯಂತ್ರ ಕೂಗಿತು. ಅರ್ಧ ಮೀಟರ್ ಆಳದಲ್ಲಿ ತಾಮ್ರದ ಪುಟ್ಟ ತಂಬಿಗೆ. ಬಾಯಿಗೆ ಮಣ್ಣು ಮೆತ್ತಿ, ಮೈಯೆಲ್ಲ ಹಸಿರು ಕಿಲುಬು. ನಾನೋ, ಹಿಂದೆಮುಂದೆ ನೋಡದೆ "ಕನಿಷ್ಠ ಮುನ್ನೂರು ವರ್ಷ ಹಳೆಯದು" ಎಂದು ಬರೆದು ಕಳಿಸಿಯೇಬಿಟ್ಟೆ. ಮಧ್ಯಾಹ್ನದೊಳಗೆ ಸೈಟಿನ ಸುತ್ತ ಪಟ್ಟಿ ಕಟ್ಟಿದರು. ಪರಿಶೀಲನೆ ಮುಗಿಯುವವರೆಗೆ ಅಲ್ಲಿನ ಯಾರಿಗೂ ರಜೆಯಿಲ್ಲ ಎಂದು ಕಂಪನಿಯ ಆದೇಶವೂ ಬಂತು.

ಸಂಜೆ ಫೋರ್‌ಮನ್ ವಾಸು ಪೂಜಾರಿ ನನ್ನ ಕ್ಯಾಬಿನ್ನಿಗೆ ಬಂದರು. ಬ್ರಹ್ಮಾವರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಗುರುವಾರ ಊರಲ್ಲಿ ಅವರ ಮಗಳ ನಿಶ್ಚಿತಾರ್ಥ. ಬುಧವಾರದ ವಿಮಾನಕ್ಕೆ ಟಿಕೆಟ್ ಆಗಿತ್ತು.

"ಅದು ನಾನೇ ಇಟ್ಟದ್ದು ಸರ್. ಎರಡು ವರ್ಷದ ಹಿಂದೆ, ಇಲ್ಲಿ ಕೆಲಸ ಶುರು ಮಾಡುವಾಗ. ಅಗೆಯುವ ಮೊದಲು ಭೂಮಿತಾಯಿ ಹತ್ರ ಒಂದು ಮಾತು ಕೇಳ್ಬೇಡ್ವಾ?"

"ಮಾರಾಯ್ರೆ, ಬೆಳಿಗ್ಗೆಯೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?"

"ನಾನು ಬರುವಾಗ ನೀವು ಕಳಿಸಿ ಆಗಿತ್ತಲ್ಲ. ಹೇಳಿದ್ರೆ ವೀಸಾ ಹೋಗ್ತದೆ, ಹೇಳದಿದ್ರೆ ಮಗಳ ಕಾರ್ಯ ತಪ್ತದೆ. ಎಂತ ಮಾಡುದು ನಾನು?"

ಈಶಾನ್ಯ ಮೂಲೆ, ತಾಮ್ರದ ತಂಬಿಗೆ! ಉಡುಪಿಯಲ್ಲಿ ಹುಟ್ಟಿದ ನನಗೆ ಹೊಳೆಯಬೇಡವೇ? ನಮ್ಮ ಮನೆಗೆ ಪಾಯ ತೋಡುವಾಗ ನನ್ನ ಕೈಯಿಂದಲೇ ಅಂಥದ್ದನ್ನು ಇಡಿಸಿದ್ದರು. ಉಪ್ಪು ನೆಲದಲ್ಲಿ ತಾಮ್ರ ಬೇಗ ಹಸಿರಾಗುತ್ತದೆ ಎಂಬುದೂ ಗೊತ್ತಿದ್ದ ವಿಷಯವೇ. ಅವರ ಹೆಸರೆತ್ತದೆ, "ವಸ್ತು ಹೊಸದು, ನನ್ನ ಅಂದಾಜು ತಪ್ಪು" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಮುನ್ನೂರು ವರ್ಷವೆಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆ, ಮಾನ ಹೋಗುತ್ತದೆಂಬ ಹೆದರಿಕೆ. "ನೋಡುವ, ಏನಾದ್ರೂ ದಾರಿ ಸಿಗ್ತದೆ" ಎಂದೆ.

ಮತ್ತೆ ಅವರು ಕೇಳಲಿಲ್ಲ. ಕ್ಯಾಬಿನ್ನಿನ ಮುಂದೆ ಹಾದುಹೋಗುವಾಗ ಒಮ್ಮೆ ಒಳಗೆ ನೋಡುತ್ತಿದ್ದರು, ಅಷ್ಟೇ. ನಾನು ಕಂಪ್ಯೂಟರಿನಲ್ಲಿ ಮುಖ ಹುದುಗಿಸಿ ಕೂರುತ್ತಿದ್ದೆ. ಬುಧವಾರದ ವಿಮಾನ ಹೋಯಿತು.

ಗುರುವಾರ ಅಧಿಕಾರಿ ಬಂದು ತಂಬಿಗೆ ಬಗ್ಗಿಸಿದರು. ಒಂದು ರೂಪಾಯಿಯ ನಾಣ್ಯ ಬಿತ್ತು. ಮೇಲೆ ೨೦೧೧ ಎಂದಿತ್ತು. "ಯಾರು ಇಟ್ಟದ್ದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ವಾಸು ಕೈ ಎತ್ತಿದರು.

ಅಧಿಕಾರಿ ಅವರನ್ನೇ ನೋಡಿ ನಕ್ಕುಬಿಟ್ಟರು. "ನಿನಗೆ ಮುನ್ನೂರು ವರ್ಷವಾದ ಹಾಗೆ ಕಾಣುವುದಿಲ್ಲವಲ್ಲ! ಖಲಾಸ್, ಕೆಲಸ ಶುರು ಮಾಡಿ."

ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು. ವೀಸಾಕ್ಕೆ ಏನೂ ಆಗಲಿಲ್ಲ. ವಾಸು ಮೊಬೈಲ್ ತೆಗೆದು, ಊರಿಂದ ಆಗಷ್ಟೇ ಬಂದ ಫೋಟೋ ತೋರಿಸಿದರು. ವೀಳ್ಯದ ಹರಿವಾಣ ಹಿಡಿದು ಅಪ್ಪನ ಜಾಗದಲ್ಲಿ ಚಿಕ್ಕಪ್ಪ ನಿಂತಿದ್ದರು.

"ಮಗಳು ಚಂದ ಕಾಣ್ತಾಳಲ್ವಾ ಸರ್?" ಎಂದರು.

ಅಂದಾಜು ತಪ್ಪದ ಸರ್ವೇಯರ್ ಇಲ್ಲ. ಆದರೆ ತಪ್ಪು ತಿಳಿದ ದಿನವೇ ತಿದ್ದಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ. ಆ ಮೂರು ದಿನ ಉಳಿಸಿಕೊಂಡದ್ದು ನನ್ನ ಮಾನ, ಬೆಲೆ ತೆತ್ತದ್ದು ವಾಸು.