ದೂರದ ಮೂಲೆಯ ವೋಲ್ಟೇಜು

ಯಾವುದು ಮೊದಲು ನಡೆಯಿತು ಎಂದು ನನಗೆ ಖಾತ್ರಿಯಿಲ್ಲ: ಖಾನಾಪುರದ ಆ ವಾಸ್ತುಶಾಂತಿಯ ಊಟವೋ, ಚಿಪ್ಪಿನ ನಕ್ಷೆಯಲ್ಲಿ ನನ್ನ ಸಹೋದ್ಯೋಗಿ ಮಾಡಿದ ಆ ಬದಲಾವಣೆಯೋ. ನನ್ನ ನೆನಪಿನಲ್ಲಿ ಊಟವೇ ಮೊದಲು ಬರುತ್ತದೆ. ಹಾಗೆ ಬಂದರೆ ಕಥೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಅದಕ್ಕೇ ನನಗೆ ಅನುಮಾನ.

ನಮ್ಮದು ಉದ್ಯಮಬಾಗದ ಒಂದು ಫೌಂಡ್ರಿಯ ಹಿಂದಿರುವ ಸಣ್ಣ ಕಚೇರಿ. ಆಚೆ ಕಬ್ಬಿಣ ಕರಗುತ್ತಿರುತ್ತದೆ, ಕಿಟಕಿ ತೆರೆದರೆ ಮೇಜಿನ ಮೇಲೆ ಕಪ್ಪು ಧೂಳು ಕೂರುತ್ತದೆ. ಒಳಗೆ ನಾವು ಉಗುರಿಗಿಂತ ಚಿಕ್ಕದಾದ ಪ್ರೊಸೆಸರ್ ಚಿಪ್ಪಿನ ನಕ್ಷೆ ತಯಾರಿಸುತ್ತೇವೆ. ಚಿಪ್ಪಿನ ಎಲ್ಲ ಭಾಗಕ್ಕೂ ಒಂದೇ ಸಮನಾದ ವೋಲ್ಟೇಜ್ ಮುಟ್ಟುವಂತೆ ತಂತಿಗಳ ಜಾಲ ಹೆಣೆಯುವುದು ಆ ಸಹೋದ್ಯೋಗಿಯ ಕೆಲಸ. ಮುಟ್ಟಿತೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಕರಾರು ತೆಗೆಯುವುದು ನನ್ನ ಕೆಲಸ. ಸ್ವಭಾವಕ್ಕೆ ತಕ್ಕ ಕೆಲಸ ಸಿಕ್ಕಿದೆ ಎಂದು ಮನೆಯಲ್ಲಿ ಹೇಳುತ್ತಾರೆ.

ಕೂದಲಿಗಿಂತ ಎಷ್ಟೋ ಸಣ್ಣದಾದ ಆ ತಂತಿಗಳಲ್ಲಿ ವಿದ್ಯುತ್ ಹರಿಯುವಾಗ ದಾರಿಯಲ್ಲೇ ಒಂದಿಷ್ಟು ವೋಲ್ಟೇಜ್ ಸೋರಿಹೋಗುತ್ತದೆ. ದೂರದ ಮೂಲೆಗೆ ಮುಟ್ಟುವಷ್ಟರಲ್ಲಿ ಅದು ಕುಸಿದಿದ್ದರೆ ಅಲ್ಲಿಯ ಲೆಕ್ಕಾಚಾರ ತಡವಾಗುತ್ತದೆ, ತಡವಾದರೆ ತಪ್ಪಾಗುತ್ತದೆ. ಸರಿಯಿದ್ದ ಕಡೆ ಹಸಿರು, ಕುಸಿದ ಕಡೆ ಕೆಂಪು ಎಂದು ನನ್ನ ಪರದೆ ತೋರಿಸುತ್ತದೆ. ಮೋಟಾರು ನಿಯಂತ್ರಿಸಲೆಂದು ಮಾಡುತ್ತಿದ್ದ ಆ ಚಿಪ್ಪಿನಲ್ಲಿ, ಗುಣಾಕಾರ ಮಾಡುವ ಘಟಕವಿದ್ದ ಮೂಲೆ ಏನು ಮಾಡಿದರೂ ಹೋಗದಷ್ಟು ಕೆಂಪಾಗಿತ್ತು.

ಅದು ಆ ಸಹೋದ್ಯೋಗಿಯ ಮುಂದಾಳತ್ವದ ಮೊದಲ ಚಿಪ್ಪು. ಇದು ಕೆಟ್ಟು ಬಂದರೆ ಇಲ್ಲಿಯ ಶಾಖೆ ಮುಚ್ಚಿ ಕೆಲಸವನ್ನು ಬೇರೆ ಊರಿಗೆ ಒಯ್ಯುತ್ತೇವೆ ಎಂದು ಮೇಲಿನವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರ ಮನೆ ಖಾನಾಪುರದಲ್ಲಿ. ಬೆಳಿಗ್ಗೆ ರೈಲಿಗೆ ಬಂದು ಸಂಜೆ ಹೋಗುವವರು. ಊರು ಬಿಡುವುದಿಲ್ಲ ಎಂಬುದನ್ನು ಅವರೂ ಅಷ್ಟೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಅಂದರೆ ಆ ಮೂಲೆ ಹಸಿರಾಗದಿದ್ದರೆ ಅವರಿಗೆ ಈ ಕೆಲಸವೇ ಇರುತ್ತಿರಲಿಲ್ಲ.

ತಂತಿಗಳನ್ನು ಅಗಲ ಮಾಡಿ ನೋಡಿದೆವು. ಕೆಂಪು ಸ್ವಲ್ಪ ತೆಳುವಾಯಿತು, ಹೋಗಲಿಲ್ಲ.

"ಇನ್ನೂ ಅಗಲ ಮಾಡ್ರಿ, ಹೋಗ್ತದ" ಎಂದೆ.

"ಈ ಘಟಕ ಸಾವಕಾಶ ಕರೆಂಟ್ ಕೇಳಿದ್ರ ಅಷ್ಟ ಸಾಕಾಗ್ತಿತ್ತು ಸರ. ಇದು ಸುಮ್ನ ಮಲಗಿರ್ತದ, ಎದ್ದ ಕೂಡ್ಲೆ ಬಕಾಸುರನಂಗ ಕೇಳ್ತದ. ದೂರದಿಂದ ಬಂದು ಮುಟ್ಟೂತನಕ ಅದಕ್ಕ ತಡ್ಕೊಳ್ಳಾಕ ಆಗೂದಿಲ್ಲ."

"ಖರೇ ಏನು?"

"ಲೆಕ್ಕಾ ನಿಮ್ದ ಅಲ್ರಿ. ನನ್ನ ಏನ್ ಕೇಳ್ತೀರಿ?"

ಅವರ ಅಣ್ಣ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆ ನಾವೆಲ್ಲ ಹೋಗಿದ್ದು ಆ ದಿನಗಳಲ್ಲೇ. ಪೆಂಡಾಲಿನಲ್ಲಿ ಉದ್ದುದ್ದ ಸಾಲುಗಳು. ಅಡುಗೆ ನಡೆದಿದ್ದು ಮನೆಯ ಹಿತ್ತಲಲ್ಲಿ, ನಮ್ಮ ಕಚೇರಿಯವರು ಕೂತಿದ್ದು ಗೇಟಿನ ಬಾಜುವಿನ ಕೊನೆಯ ಸಾಲಿನಲ್ಲಿ. ಅವರ ಮನೆತನದಲ್ಲಿ ಶ್ಲೋಕ ಮುಗಿಯುವವರೆಗೆ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ. ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ, ಒಟ್ಟಿಗೇ ಕಟ್ಟಿನ ಸಾರು ಕೇಳುತ್ತಾರೆ. ಬಡಿಸುವವರು ಹಿತ್ತಲಿನಿಂದ ಬಕೆಟ್ ಹಿಡಿದು ಓಡಿ ಬರುವಷ್ಟರಲ್ಲಿ ಮುಂದಿನ ಸಾಲಿನವರೇ ಅದನ್ನು ಖಾಲಿ ಮಾಡಿರುತ್ತಾರೆ. ನಮಗಿಂತ ಮೊದಲು ಉಂಡೆದ್ದ ಪಂಕ್ತಿಗೆ ಹಾಗೆಯೇ ಆಯಿತಂತೆ. ಕೊನೆಯ ಸಾಲಿನವರು ಬರೀ ಹೋಳಿಗೆ ತಿಂದು ಕೈ ಒಣಗಿಸಿಕೊಂಡು ಕೂತಿದ್ದರಂತೆ.

ನಮ್ಮ ಪಂಕ್ತಿ ಶುರುವಾಗುವ ಮೊದಲು ನನ್ನ ಸಹೋದ್ಯೋಗಿ ಸೆರಗು ಸಿಕ್ಕಿಸಿಕೊಂಡು ಬಂದು, ಪ್ರತಿ ಸಾಲಿನ ತುದಿಗೂ ಒಂದೊಂದು ಬೋಗೋಣಿ ಪಾತ್ರೆ ಇಟ್ಟು, ಸಾರು ತುಂಬಿಸಿ, ಸೌಟು ಹಾಕಿ ಮುಚ್ಚಿದರು. ಶ್ಲೋಕ ಹೇಳಬೇಕಾಗಿದ್ದ ಅವರ ಕಾಕಾ ಕೂತಲ್ಲಿಂದಲೇ ಕೆಣಕಿದರು: "ಏ ಪೋರಿ, ಭಾಂಡೆ ಅಂಗಡಿ ಹಚ್ಚಿಯೇನ ಇಲ್ಲೆ?"

"ಹೌದ್ರಿ ಕಾಕಾ, ನಿಮಗ ಎರಡು ಕಟ್ಟಿ ಕೊಡ್ತೀನಿ. ಮೊದಲ ಶ್ಲೋಕ ಮುಗಸ್ರಿ."

ಶ್ಲೋಕ ಮುಗಿಯಿತು. ಎಲ್ಲ ಸಾಲಿನಿಂದಲೂ ಒಮ್ಮೆಲೇ ಸಾರಿನ ಕೂಗು ಎದ್ದಿತು. ಪಕ್ಕದಲ್ಲೇ ಇದ್ದ ಬೋಗೋಣಿಯಿಂದ ಎಲ್ಲರಿಗೂ ಒಂದೊಂದು ಸೌಟು ಬಿತ್ತು. ಆ ಹೊತ್ತಿಗೆ ಹಿತ್ತಲಿನ ಬಕೆಟ್ ಬಂದು ಬೋಗೋಣಿಯನ್ನು ಮತ್ತೆ ತುಂಬಿತು. ಗೇಟಿನ ಬಾಜು ಕೂತ ನನಗೂ ಸಾರು ಬಿಸಿಯಾಗಿಯೇ ಸಿಕ್ಕಿತು. ಕಾಕಾ ಎರಡು ಸಲ ಹಾಕಿಸಿಕೊಂಡರು.

ಚಿಪ್ಪಿನಲ್ಲೂ ನನ್ನ ಸಹೋದ್ಯೋಗಿ ಮಾಡಿದ್ದು ಇದನ್ನೇ. ಗುಣಾಕಾರದ ಘಟಕದ ಸುತ್ತ, ಖಾಲಿ ಬಿದ್ದ ಸಂದುಗಳಲ್ಲೆಲ್ಲ ಪುಟ್ಟ ಪುಟ್ಟ ಕೆಪ್ಯಾಸಿಟರುಗಳನ್ನು ತುಂಬಿಸಿದರು. ಘಟಕ ಮಲಗಿದ್ದಾಗ ಅವು ವಿದ್ಯುತ್ತನ್ನು ತುಂಬಿಕೊಳ್ಳುತ್ತವೆ, ಎದ್ದು ಕೇಳಿದಾಗ ಕೂಡಲೇ ಕೊಡುತ್ತವೆ, ಅಷ್ಟರಲ್ಲಿ ದೂರದ್ದು ಬಂದು ಮುಟ್ಟುತ್ತದೆ. ಉಪಾಯ ಹೊಸದಲ್ಲ, ಕಾಲೇಜಿನಲ್ಲಿ ನಾನೂ ಓದಿದ್ದೆ. ಆದರೆ ಜಾಗವೇ ಇಲ್ಲದ ಕಡೆ ಜಾಗ ಹುಡುಕಿದ ಅವರ ತಾಳ್ಮೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ತಂತಿಯನ್ನು ತುಸು ಸರಿಸುವುದು, ಅದರಿಂದ ಬೇರೇನೂ ಕೆಡಲಿಲ್ಲವೆಂದು ನನ್ನಿಂದ ಲೆಕ್ಕ ಹಾಕಿಸುವುದು, ಮತ್ತೊಂದನ್ನು ಸರಿಸುವುದು. ನಾನು ಕುರ್ಚಿಯಿಂದ ಎದ್ದು ಎದ್ದು ಓಡಾಡುತ್ತಿದ್ದೆ. ಅವರು ಅಲುಗಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೊನೆಯ ಕೆಂಪು ಚುಕ್ಕೆಯೂ ಹೋಯಿತು. "ಚಹಾ ಕುಡಿಯೂಣು ಬರ್ರಿ" ಎಂದಷ್ಟೇ ಹೇಳಿ ಎದ್ದರು.

ಆದರೂ ನನಗೆ ನೆಮ್ಮದಿಯಿರಲಿಲ್ಲ. ಪರದೆಯ ಹಸಿರು ಲೆಕ್ಕದ ಹಸಿರು. ಭದ್ರತೆಗೆಂದು, ಘಟಕಗಳು ಒಟ್ಟಿಗೆ ಏಳದೆ ಒಂದಾದ ಮೇಲೊಂದು ಏಳುವಂತೆಯೂ ಒಂದು ವ್ಯವಸ್ಥೆ ಇರಲಿ ಎಂದೆ. ಅದರಿಂದ ಮೋಟಾರು ತಡವಾಗಿ ಓಗೊಡುತ್ತದೆ ಎಂದು ಗೊಣಗುತ್ತಲೇ ಸೇರಿಸಿದರು, ಬೇಡವೆಂದರೆ ತೆಗೆಯಲು ಬರುವಂತೆ. "ಪಂಕ್ತ್ಯಾಗ ಕುಂತವ್ರಿಗೆ ಒಬ್ಬೊಬ್ರ ಉಣ್ರಿ ಅನ್ನಾಕ ಬರ್ತದೇನ್ರಿ?" ಎಂದು ಅವರು ಅಂದ ನೆನಪಿದೆ.

ಅವರು ಇದನ್ನು ಒಪ್ಪುವುದಿಲ್ಲ. "ನಾ ಎಲ್ಲಿ ಅಂದೀನ್ರಿ ಹಂಗ? ಕೆಪ್ಯಾಸಿಟರ್ ಇಟ್ಟ ಮ್ಯಾಲೇ ವಾಸ್ತುಶಾಂತಿ ಆಗಿದ್ದು. ಬೋಗೋಣಿ ಇಡ್ಸಿದ್ದು ನಮ್ಮವ್ವ. ನಿಮ್ಮ ತಲ್ಯಾಗ ಎಲ್ಲಾ ಕೂಡಿ ಕಲಸನ್ನ ಆಗೇದ." ಇರಬಹುದು. ಬೋಗೋಣಿ ಇಡುವಾಗ ಅವರು ಸೆರಗು ಸಿಕ್ಕಿಸಿಕೊಂಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವತ್ತು ತಾನು ಚೂಡಿದಾರ ಹಾಕಿದ್ದೆ ಎನ್ನುತ್ತಾರೆ ಅವರು.

ಚಿಪ್ಪು ತಯಾರಾಗಿ ಬಂತು. ಒಂದಾದ ಮೇಲೊಂದು ಏಳುವ ವ್ಯವಸ್ಥೆಯೊಂದಿಗೆ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಶಾಖೆ ಉಳಿಯಿತು. ಅವರು ಈಗಲೂ ಬೆಳಗಿನ ರೈಲಿಗೇ ಬರುತ್ತಾರೆ. ಆದರೆ ಉಳಿಸಿದ್ದು ಯಾವುದು, ನನ್ನ ಭದ್ರತೆಯೋ ಅವರ ಕೆಪ್ಯಾಸಿಟರುಗಳೋ, ಎಂಬುದು ನನ್ನನ್ನು ಕೊರೆಯುತ್ತಲೇ ಇತ್ತು. ಮೊನ್ನೆ ರಜೆಯ ದಿನ ಒಂದು ಚಿಪ್ಪನ್ನು ರಾಮತೀರ್ಥ ನಗರದ ನನ್ನ ಮನೆಗೆ ತಂದೆ. ಭದ್ರತೆಯನ್ನು ತೆಗೆದುಹಾಕಿ, ಎಲ್ಲ ಘಟಕಗಳನ್ನೂ ಒಮ್ಮೆಲೇ ಎಬ್ಬಿಸಿ, ಆ ಮೂಲೆಯಿಂದ ಹೊರಗೆ ತಂದಿದ್ದ ಪರೀಕ್ಷಾ ಬಿಂದುವಿಗೆ ಆಸಿಲೋಸ್ಕೋಪ್ ಹಚ್ಚಿದೆ. ಅದರ ಪರದೆಯ ಮೇಲೆ ವೋಲ್ಟೇಜಿನ ಗೆರೆ ತುಸುವೇ ಬಾಗಿ, ಮಿತಿಗಿಂತ ಬಹಳ ಮೇಲೆಯೇ ನಿಂತು, ಮತ್ತೆ ನೇರವಾಯಿತು.