ಕಾಫಿಗೆ ಎದ್ದವನನ್ನು ಕೂರಿಸಿದವರು

ನಮ್ಮ ಮೆಲ್ಬರ್ನ್ ಆಫೀಸಿನ ಬಿಲ್ಡ್ ಎಂಜಿನಿಯರ್ ಧಾರವಾಡದವರು. ಕನ್ನಡಕವನ್ನು ತಲೆಯ ಮೇಲೇರಿಸಿ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದರು: "ಒಮ್ಮೆ ಮಾಡಿದ ಕೆಲಸ ಮತ್ತ ಯಾಕ ಮಾಡೋದ್ರಿ?"

ನಾನಿರುವ ಸಿಡ್ನಿ ಆಫೀಸಿನಲ್ಲಿ ನಮ್ಮ ಕೋಡ್ ಬಿಲ್ಡ್ ಆಗಲು, ಅಂದರೆ ಓಡುವ ಪ್ರೋಗ್ರಾಂ ಆಗಿ ತಯಾರಾಗಲು, ಐವತ್ತು ನಿಮಿಷ ಬೇಕಿತ್ತು. ನಲವತ್ತೋ ಏನೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬಟನ್ ಒತ್ತಿ ಕಾಫಿಗೆ ಹೋಗುವುದೇ ನನ್ನ ರೂಢಿ. ಒಬ್ಬರು ಬಿಲ್ಡ್ ಮಾಡಿದ್ದನ್ನು ದೂರದ ಸರ್ವರಿನ ಉಗ್ರಾಣವಾದ ಕ್ಯಾಶ್‌ನಲ್ಲಿಟ್ಟು ಎಲ್ಲರಿಗೂ ಕೊಡುವುದು ಅವರ ಯೋಜನೆ. ಆದರೆ ಕ್ಯಾಶ್ ಒಮ್ಮೆಯೂ ಕೆಲಸಕ್ಕೆ ಬರಲಿಲ್ಲ. ಶುಕ್ರವಾರದೊಳಗೆ ಆಗದಿದ್ದರೆ ಯೋಜನೆ ಬಂದ್ ಎಂದು ಮ್ಯಾನೇಜರ್ ಹೇಳಿಬಿಟ್ಟರು.

ಗುರುವಾರ ಅವರ ವಿಡಿಯೋ ಕಾಲ್ ಬಂತು. "ಪ್ರತಿ ಬಿಲ್ಡಿಗೂ ಆ ಹೊತ್ತಿನ ಟೈಮ್ ಸೇರಿಸೋ ಸಾಲು ಕೋಡಿನಾಗ ಒಂದೈತ್ರಿ. ಅದಕ್ಕ ಕ್ಯಾಶಿಗೆ ಎಲ್ಲಾ ಹೊಸಾದೇ ಕಾಣ್ತೈತಿ. ಯಾರು ಬರದಾರ?"

"ನಾನಂತೂ ಅಲ್ಲ ಮೇಡಂ."

ಅವರು ಸ್ಕ್ರೀನ್ ತೋರಿಸಿದರು. ಸಾಲಿನ ಪಕ್ಕ ನನ್ನದೇ ಹೆಸರಿತ್ತು.

"ನಿಮ್ಮ ಕೈಲೇ ಅಳಸ್ರಿ ಸರ," ಎಂದು ನಕ್ಕರು.

ಅಳಿಸಿದೆ. ಅವರು ಮೆಲ್ಬರ್ನ್‌ನಲ್ಲಿ ಬಿಲ್ಡ್ ಮುಗಿಸಿದ ಮೇಲೆ ಅದೇ ಕೋಡಿಗೆ ನಾನು ಇಲ್ಲಿ ಬಟನ್ ಒತ್ತಿ, ಅಭ್ಯಾಸಬಲದಿಂದ ಖಾಲಿ ಕಾಫಿ ಕಪ್ಪು ಹಿಡಿದು ಎದ್ದೆ.

"ಎಲ್ಲಿಗೆ ಹೊಂಟ್ರಿ? ಕುಂದರ್ರಿ!"

ಕೂರುವಷ್ಟರಲ್ಲಿ ಬಿಲ್ಡ್ ಮುಗಿದಿತ್ತು. ಎಷ್ಟು ಸೆಕೆಂಡು ಎಂದು ಕೇಳಬೇಡಿ. ಕಪ್ಪು ಖಾಲಿಯಾಗಿಯೇ ಇತ್ತು, ಅಷ್ಟು ಮಾತ್ರ ಖಚಿತ.