ಮಾತು ಕೇಳುವ ತಬಲಾ

ಹೋದ ವಾರ ನನ್ನ ಫೋನಿನ ಮೈಕು ಕೆಟ್ಟಿತ್ತು. ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯವನು ಬೆಸುಗೆ ಹಾಕತೊಡಗಿದಾಗ ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ರೇಡಿಯೋ ಕಾಕಾ ನೆನಪಿಗೆ ಬಂದು ನಿಂತ... ಎಂದಿನಂತೆ, ಕರೆಯದೆ.

ಅವನು ನಮ್ಮ ಪಕ್ಕದ ಮನೆಯವನು. ಊರಿನ ರೇಡಿಯೋಗಳೆಲ್ಲ ಸತ್ತ ಮೇಲೂ ರಿಪೇರಿ ಅಂಗಡಿಯ ಬಾಗಿಲು ತೆರೆದೇ ಇಟ್ಟಿದ್ದ. ಆಗ ನಾನು ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದೆ. ಅವನ ಜಂಬ ಕೇಳಲು ಪುರುಸೊತ್ತಿತ್ತು, ಸಹನೆ ಇರಲಿಲ್ಲ. ಕಾಕಾ ಬೀದರಿನ ಗಾಂಧಿ ಗಂಜಿನ ಹಿಂದಿನ ಗುಜರಿಯಿಂದ ಹಳೆಯ ಲ್ಯಾಪ್‌ಟಾಪೊಂದನ್ನು ತಂದು, ಯಾವುದೋ ಪುಕ್ಕಟೆ ಪ್ರೋಗ್ರಾಂ ಇಳಿಸಿಕೊಂಡು, ಮೈಕು ಸ್ಪೀಕರು ಜೋಡಿಸಿ, ಅದಕ್ಕೆ ‘ಸಾಥಿ’ ಎಂದು ಹೆಸರಿಟ್ಟಿದ್ದ. ಹಾಡುವವರ ದನಿ ಕೇಳಿಸಿಕೊಂಡು ಅವರ ಲಯಕ್ಕೆ ತಕ್ಕಂತೆ ತಾನೇ ತಬಲಾ ನುಡಿಸುವ ಯಂತ್ರವಂತೆ. ಔರಾದಿನವರು ಆಗಲೇ ಒಂದು ಬೇಕೆಂದಿದ್ದಾರೆ ಎನ್ನುತ್ತಿದ್ದ. ಔರಾದಿನಲ್ಲಿ ವಿಚಾರಿಸಿದೆ. ಅಲ್ಲಿ ಅವನ ಪರಿಚಯವೇ ಯಾರಿಗೂ ಇರಲಿಲ್ಲ.

ಅದು ಬರದ ವರ್ಷ. ಮಾಂಜ್ರಾ ನದಿಯ ಪಾತ್ರದಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ನದಿದಂಡೆಯ ಸಾಯಗಾಂವದ ಅರ್ಧ ಊರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿತ್ತು. ಅಲ್ಲಿಯ ಬಸವಣ್ಣನ ಗುಡಿಯಲ್ಲಿ ಪ್ರತಿ ಸೋಮವಾರ ಭಜನೆ ಹಾಡುತ್ತಿದ್ದವರಲ್ಲಿ, ಊರೆಲ್ಲ ಅಕ್ಕ ಎನ್ನುತ್ತಿದ್ದವಳೊಬ್ಬಳು ಮಾತ್ರ ಉಳಿದಿದ್ದಳು. ತಬಲಾ ಬಾರಿಸುತ್ತಿದ್ದ ಅವಳ ತಮ್ಮನೂ ಹೋಗಿಬಿಟ್ಟಿದ್ದ. ಭಜನೆ ಇರುವ ತನಕ ಊರು ಬಿಡುವುದಿಲ್ಲ, ಅದು ನಿಂತರೆ ನಾನೂ ಇಟ್ಟಿಗೆ ಹೊರಲು ಬರುತ್ತೇನೆ ಎಂದು ಅವನಿಗೆ ಹೇಳಿದ್ದಳಂತೆ. ತಬಲಾ ಇಲ್ಲದ ಭಜನೆ ಬೇಡ, ಪೆನ್‌ಡ್ರೈವ್ ಹಾಕಿ ಸ್ಪೀಕರ್ ಹಚ್ಚೋಣ ಎಂದು ಗುಡಿ ಕಮಿಟಿಯ ಹಿರಿಯರು ತೀರ್ಮಾನಿಸಿದ್ದರು. ಇದು ಕಿವಿಗೆ ಬಿದ್ದದ್ದೇ ಕಾಕಾ ಸಾಥಿಯನ್ನು ಹೊತ್ತು ಹೊರಟ. ಅವನು ಸೋಲುವುದನ್ನು ನೋಡಲು ನಾನೂ ಬೆನ್ನು ಹತ್ತಿದೆ.

ಅಕ್ಕ ಹಾಡಿದಳು. ಭಾವ ತುಂಬಿದಲ್ಲಿ ತುಸು ಎಳೆಯುವುದು ಅವಳ ರೂಢಿ. ಯಂತ್ರವೂ ವಿನಯದಿಂದ ನಿಧಾನವಾಯಿತು. ಅದು ನಿಧಾನವಾಯಿತೆಂದು ಅವಳು ಇನ್ನಷ್ಟು ನಿಧಾನವಾದಳು. ಅವಳಿಗಾಗಿ ಅದು, ಅದಕ್ಕಾಗಿ ಅವಳು... ಎರಡನೆಯ ಚರಣದ ನಡುವೆ ಹಾಡು, ತಬಲಾ ಎರಡೂ ನಿಂತೇಬಿಟ್ಟವು.

“ಕಾಕಾ, ನಿಮ್ಮ ಸಾಥಿಗಿ ನಿದ್ದಿ ಬಂತೇನ್ರಿ?” ಎಂದಳು ಅಕ್ಕ.

ಇಂಥ ಹೌದಪ್ಪಗಳನ್ನು ವಿಶ್ವವಿದ್ಯಾಲಯದಲ್ಲಿ ಬೇಕಾದಷ್ಟು ನೋಡಿದ್ದೆ. ಯಂತ್ರರೂಪದಲ್ಲಿ ನೋಡಿದ್ದು ಅದೇ ಮೊದಲು.

ಕಾಕಾ ಬಗ್ಗಿ ವೈರುಗಳಲ್ಲಿ ಏನೋ ಮಾಡಿದ. ಈ ಸಲ ತಬಲಾ ಜಗ್ಗಲಿಲ್ಲ. ಅವಳು ಎಳೆದರೆ ಬಿಟ್ಟು ಮುಂದೆ ಹೋಯಿತು. ಅವಳು ಓಡಿ ಹಿಡಿದಳು, ತಪ್ಪಿದಳು, ಮತ್ತೆ ಹಿಡಿದಳು. ನನಗೆ ಮೈ ಜುಮ್ಮೆಂದ ನೆನಪು. ಇದನ್ನು ಆಮೇಲೆ ಸೇರಿಸಿಕೊಂಡೆನೋ ಏನೋ... ಆದರೆ ಅವಳ ನಗು ನಿಜ.

“ಈಗ ನನ್ನ ಮಾತ ಕೇಳವಲ್ದು. ನನ್ನ ತಮ್ಮನೂ ಹಿಂಗೇ ಇದ್ದ. ಈಗ ಜಗಳಾಡ್ಕೋತ ಹಾಡ್ಲಾಕ ಬರ್ತದ ನೋಡ್ರಿ.”

ಕಮಿಟಿಯವರು ತಲೆದೂಗಿದರು. ಕಾಕಾ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಂಥ ಮನುಷ್ಯನಲ್ಲ ಅವನು. ಹಿರಿಯರು ಅದೇನು ಮಾಡಿದೆಯೆಂದು ಕೇಳಿದ್ದೇ ತಡ, ಎದೆಯುಬ್ಬಿಸಿ, ಕಿತ್ತ ಮೈಕಿನ ವೈರನ್ನು ಎತ್ತಿ ತೋರಿಸಿದ.

“ಅದರ ಕಿವಿನೇ ಕಿತ್ತೀನ್ರಿ.”

ಹಿರಿಯರು ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ, ಮೆಲ್ಲಗೇ ಹೇಳಿದರು: “ಹಂಗಾದ್ರ ಇದು ಬರೇ ಡಬ್ಬಿ ಆಯ್ತು. ಬಾರ್ಸೋದು ಡಬ್ಬಿ ಆದಮ್ಯಾಲ ಹಾಡೋದೂ ಡಬ್ಬಿನೇ ಆಗ್ಲಿ ಬಿಡ್ರಿ. ಅಕ್ಕಗ್ಯಾಕ ಸುಮ್ನ ತ್ರಾಸ.”

ಕಾಕಾ ವೈರು ಸುತ್ತಿಕೊಂಡು, ಸಾಥಿಯನ್ನು ಹೊತ್ತು ವಾಪಸಾದ. ಮುಂದಿನ ಸೋಮವಾರ ಗುಡಿಯಲ್ಲಿ ಸ್ಪೀಕರ್ ಹಾಡಿತು. ಅಕ್ಕ ಪುಣೆಯ ಬಸ್ಸು ಹತ್ತಿದಳು. ಮಳೆ ಬಂದ ಮೇಲೆ ತಮ್ಮ ಬಿತ್ತನೆಗೆ ಬಂದು ಹೋದ, ಅವಳು ಬರಲಿಲ್ಲ. ಕಾಕಾ ವರ್ಷವಿಡೀ ಆ ವೈರನ್ನು ಹಚ್ಚುತ್ತಲೂ ಕೀಳುತ್ತಲೂ ಕೂತಿರುತ್ತಿದ್ದ. ಎದುರು ಹಾಡುವವರಿರಲಿಲ್ಲ. ಹಾಗೆಯೇ ಸತ್ತ. ಜಂಬಗಾರ, ಸುಳ್ಳುಗಾರ... ಈಗಲೂ ಅದೇ ನನ್ನ ಅಭಿಪ್ರಾಯ. ಮುಖಕ್ಕೆ ಹೇಳಿ ಜಗಳವಾಡಲು ಅವನಿಲ್ಲ, ಅಷ್ಟೆ.

“ಈಗ ಕೇಳ್ತದ ನೋಡ್ರಿ,” ಎಂದು ಮೊಬೈಲ್ ಅಂಗಡಿಯವನು ರೆಕಾರ್ಡಿಂಗ್ ಒತ್ತಿ ಫೋನು ಮುಂದೆ ಹಿಡಿದ. “ಏನರ ಮಾತಾಡ್ರಿ.”

‘ಹಲೋ’ ಎಂದೆ. ಕ್ಷಣದ ಬಳಿಕ ಅದು ನನ್ನ ದನಿಯನ್ನೇ ವಿನಯದಿಂದ ನನಗೆ ಕೇಳಿಸಿತು.